ಕಸಿಗೆ ಸಿಕ್ಕ ಲೆಕ್ಕ, ಕಥೆಗೆ ಸಿಗಬಾರದೆ?

ಲೇಖಕಿಯರ ಗೌರವಧನದ ಮಾತು ಬಂದಾಗಲೆಲ್ಲ ನನಗೆ ಒಂದು ಹಲಸಿನ ಮರ ನೆನಪಾಗುತ್ತದೆ. ನಮ್ಮ ಹಿರೇಹಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರ ಗುಬ್ಬಿ ತಾಲ್ಲೂಕು ಚೇಳೂರಿನ ರೈತ ಎಸ್.ಎಸ್. ಪರಮೇಶ್ ಅವರ ತಾಮ್ರಗೆಂಪು ತೊಳೆಯ ಹಲಸನ್ನು ಗುರುತಿಸಿತು. ಮರ ನೆಟ್ಟ ಅವರ ತಂದೆ ಸಿದ್ದಪ್ಪನವರ ನೆನಪಿಗೆ ತಳಿಗೆ ‘ಸಿದ್ದು’ ಎಂದೇ ಹೆಸರಾಯಿತು. 2017ರ ಒಪ್ಪಂದದಂತೆ ಕೇಂದ್ರ ಕಸಿ ಕಟ್ಟಿ ಸಸಿ ಮಾರಿದರೆ, ಬಂದ ಹಣದಲ್ಲಿ ನೂರಕ್ಕೆ 75 ರೈತನಿಗೆ, 25 ಸಂಸ್ಥೆಗೆ.

ಪುಸ್ತಕವೂ ಇಂಥದೇ ಮರವಲ್ಲವೆ? ಬೆಳೆಸಿದವಳು ಒಬ್ಬಳು, ಪ್ರತಿ ತೆಗೆದು ಮಾರುವವರು ಇನ್ನೊಬ್ಬರು. ಆದರೆ ಇಲ್ಲಿ ನೂರಕ್ಕೆ ಹತ್ತು ಎಂದರೇ ದೊಡ್ಡ ಮಾತು. ಎಷ್ಟೋ ಸಲ ಅದೂ ಹಣವಾಗಿ ಬರದೆ ಪುಸ್ತಕದ ಕಟ್ಟಾಗಿ ಬರುತ್ತದೆ. ಕಾಗದ, ಅಚ್ಚು, ಬಾರದ ಬಾಕಿ ಎಲ್ಲವೂ ಪ್ರಕಾಶಕರ ತಲೆಯ ಮೇಲಿರುವಾಗ ಮುಕ್ಕಾಲು ಪಾಲು ಕೇಳುವುದು ನ್ಯಾಯವಲ್ಲ, ಒಪ್ಪುತ್ತೇನೆ. ನಾನು ಕೇಳುವುದು ಪಾಲಿಗಿಂತ ಮೊದಲು ಲೆಕ್ಕವನ್ನು.

ಮೊಬೈಲಿನ ಪುಸ್ತಕಕ್ಕೆ ಕಾಗದವಿಲ್ಲ, ಗೋದಾಮಿಲ್ಲ, ಗೆದ್ದಲಿನ ಭಯವೂ ಇಲ್ಲ. ಎಷ್ಟು ಪ್ರತಿ ಹೋಯಿತೆಂಬುದು ತಾನಾಗಿ ದಾಖಲಾಗುತ್ತದೆ. ಕಿಂಡಲ್‌ನ ಚಂದಾ ಯೋಜನೆ 2015ರಿಂದ ಓದುಗರು ಓದಿದ ಪುಟಗಳನ್ನೇ ಎಣಿಸಿ ಹಣ ಕೊಡತೊಡಗಿತು. 2016ರಲ್ಲಿ ಅದೇ ಕಿಂಡಲ್ ಐದು ಭಾರತೀಯ ಭಾಷೆಗಳಿಗೆ ಬಾಗಿಲು ತೆರೆದಾಗ ಕನ್ನಡ ಹೊರಗೇ ಉಳಿಯಿತು. ಆಮೇಲೆ 2020ರಲ್ಲಿ ಕನ್ನಡಿಗರೇ ‘ಮೈಲ್ಯಾಂಗ್’ ಕಟ್ಟಿಕೊಂಡರು. ಅಂಗಡಿ ಯಾರದೇ ಇರಲಿ, ಎಣಿಕೆ ಅಲ್ಲಿದೆ. ಅದನ್ನು ಬರೆದವಳ ಕಣ್ಣಿಗೂ ಬೀಳುವಂತೆ ಇಡುತ್ತಾರೆಯೆ ಎಂಬುದೇ ಪ್ರಶ್ನೆ.

ಕಾನೂನು ನಮ್ಮ ಕಡೆಗೆ ಸ್ವಲ್ಪ ವಾಲಿದೆ. ಕೃತಿಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿಯ ಪ್ರಕಾರ, ರುಜು ಹಾಕುವಾಗ ವ್ಯವಹಾರದಲ್ಲೇ ಇರದ ಮಾಧ್ಯಮಕ್ಕೆ, ಅದರ ಹೆಸರೆತ್ತಿ ಬರೆಯದ ಹೊರತು, ಒಪ್ಪಂದ ಅನ್ವಯಿಸುವುದಿಲ್ಲ. ಅವಧಿ ಬರೆಯದಿದ್ದರೆ ಹಕ್ಕು ಕೊಟ್ಟದ್ದು ಐದೇ ವರ್ಷಕ್ಕೆಂದು ಅರ್ಥ. ಆದರೆ ಇಂದಿನ ಪತ್ರಗಳಲ್ಲಿ ‘ಇ-ಪುಸ್ತಕ, ಧ್ವನಿಪುಸ್ತಕ ಸೇರಿದಂತೆ ಸಕಲ ಹಕ್ಕುಗಳು’ ಎಂಬ ಸಾಲು ಬಂದರೆ ಈ ರಕ್ಷಣೆ ಕರಗಿಹೋಗುತ್ತದೆ. ಪುಸ್ತಕ ಬರುತ್ತದಲ್ಲ ಎಂಬ ಸಂಕೋಚದಲ್ಲಿ ಆ ಸಾಲನ್ನು ಓದದೆ ರುಜು ಹಾಕುವವರೇ ಹೆಚ್ಚು.

ಓದುವ ನಮಗೂ ಒಂದು ಮಾತಿದೆ. ವಾಟ್ಸಾಪಿನಲ್ಲಿ ಕಾದಂಬರಿಗಳ ಪಿಡಿಎಫ್ ಬಂದಾಗ ನಾವು ಅರಿಸಿನ ಕುಂಕುಮದಂತೆ ಹಂಚಿಬಿಡುತ್ತೇವೆ. ತ್ರಿವೇಣಿಯವರು 1963ರಲ್ಲಿ ತೀರಿಕೊಂಡರು. ಅವರು ಬದುಕಿದ್ದಾಗ ಪ್ರಕಟವಾದ ಕಾದಂಬರಿಗಳ ಹಕ್ಕು ಅರವತ್ತು ವರ್ಷ ತುಂಬಿ 2023ರ ಕೊನೆಗೆ ಮುಗಿಯಿತು. ಅವನ್ನು ಹಂಚಿದರೆ ತಪ್ಪಿಲ್ಲ. ಆದರೆ 1994ರಲ್ಲಿ ತೀರಿಕೊಂಡ ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ನ ಹಕ್ಕು 2054ರ ಕೊನೆಯವರೆಗೂ ಇದೆ. ಇನ್ನು ಇಂದು ಬರೆಯುತ್ತಿರುವ ಹೆಣ್ಣುಮಗಳ ಮಾತು ಹೇಳಬೇಕೆ? ನಾವು ಬಿಟ್ಟಿ ಕಳಿಸಿದ ಪ್ರತಿ ಯಾರ ಲೆಕ್ಕಕ್ಕೂ ಬರುವುದಿಲ್ಲ. ಆಗ ಪ್ರಕಾಶಕರನ್ನು ಲೆಕ್ಕ ಕೇಳುವ ಅವಳ ದನಿಯೂ ಅಷ್ಟರಮಟ್ಟಿಗೆ ಕುಗ್ಗುತ್ತದೆ.