ಕೀಳುವುದಿದ್ದರೆ ಹಚ್ಚಿದ್ದೇಕೆ?

ಪೇಪರ್ ಪೀಸಿಂಗ್ ಕಲಿತು ಹೊಲಿದ ಮೊದಲ ನಕ್ಷತ್ರವನ್ನು ಧಾರವಾಡಕ್ಕೆ ಒಯ್ದು ಕೈಗೆ ಕೊಟ್ಟಾಗ ಆಯಿ ಮೊದಲು ಮಾಡಿದ ಕೆಲಸವೆಂದರೆ ಅದನ್ನು ತಿರುವಿ ನೋಡಿದ್ದು. ಕೌದಿ ಹೊಲಿಯುವವರೆಲ್ಲ ಹಾಗೆಯೇ. ಮುಂದಿನ ಚಂದ ಯಾರಾದರೂ ಮಾಡಿಯಾರು, ಹೊಲಿಗೆಯ ಹಣೆಬರಹ ಇರುವುದು ಬೆನ್ನಲ್ಲಿ.

“ಚಿಕ್ಕಿ ಭಾಳ ಚಂದ ಆಗೇದ. ಹಿಂದ ಯಾಕ ಕಾಗದ ಬಿಟ್ಟೀ?”

“ಅದನ್ನಿನ್ನ ಕೀಳಬೇಕು, ಆಯಿ.”

“ಕೀಳೂದಿದ್ರ ಹಚ್ಚಿದ್ಯಾಕ?”

ಆಗ ನಕ್ಕು ಸುಮ್ಮನಾದೆ. ಆಮೇಲೆ ಒಂದೊಂದೇ ಮೊನೆಯಿಂದ ಚಿಮಟ ಹಿಡಿದು ಕಾಗದದ ಚೂರು ಕೀಳುತ್ತ ಕೂತ ಎಷ್ಟೋ ಸಂಜೆಗಳಲ್ಲಿ ಆ ಪ್ರಶ್ನೆ ನೆನಪಾಗಿದೆ. ಜೋರಾಗಿ ಎಳೆದರೆ ಹೊಲಿಗೆ ಸಡಿಲವಾಗುತ್ತದೆ, ಮೆಲ್ಲಗೆ ಎಳೆದರೆ ರಾತ್ರಿಯಾಗುತ್ತದೆ. ಚೂರುಗಳು ಸೀರೆಗೆ, ಚಾಪೆಗೆ, ಕೊನೆಗೆ ಚಹದ ಬಟ್ಟಲಿಗೂ ಬೀಳುತ್ತವೆ.

ಪೇಪರ್ ಪೀಸಿಂಗ್ ಎಂಬ ಒಂದೇ ಹೆಸರಿನಡಿ ಎರಡು ಬೇರೆ ಬೇರೆ ಕಸುಬುಗಳಿವೆ. ಒಂದು ಕೈಹೊಲಿಗೆಯದು, ಇಂಗ್ಲಿಷ್ ಪದ್ಧತಿ ಎನ್ನುತ್ತಾರೆ. ಇನ್ನೊಂದು ಮಷೀನಿನದು, ಫೌಂಡೇಶನ್ ಪದ್ಧತಿ. ನನ್ನ ತಕರಾರೆಲ್ಲ ಎರಡನೆಯದರ ಜೊತೆ. ವಿನ್ಯಾಸವನ್ನು ಕಾಗದದ ಮೇಲೆ ಮುದ್ರಿಸಿಕೊಂಡು, ಪ್ರತಿ ಭಾಗಕ್ಕೆ 1, 2, 3 ಎಂದು ಅಂಕಿ ಹಾಕಿರುತ್ತಾರೆ. ಮೊದಲ ತುಂಡು ಬಟ್ಟೆಯನ್ನು ಕಾಗದದ ಹಿಂಬದಿಗೆ ಇಡಬೇಕು. ಎರಡನೆಯದನ್ನು ಅದರ ಮೇಲೆ ಮುಖಕ್ಕೆ ಮುಖ ಸೇರಿಸಿ ಮಗುಚಿ ಹಿಡಿದು, ಕಾಗದದ ಮೇಲಿನ ಗೆರೆಯ ಗುಂಟ ಮಷೀನು ಓಡಿಸಬೇಕು. ಕಾಲು ಇಂಚು ಬಿಟ್ಟು ಮಿಕ್ಕಿದ್ದನ್ನು ಕತ್ತರಿಸಿ, ಬಟ್ಟೆಯನ್ನು ಬಿಡಿಸಿ ಇಸ್ತ್ರಿ ಒತ್ತಿದರೆ ಎರಡನೆಯ ಮನೆ ತುಂಬಿತು. ಇನ್ನು ಮೂರು, ನಾಲ್ಕು. ಗೆರೆಯ ಮೇಲೆ ಮಷೀನು ಓಡಿಸಲು ಬಂದರೆ ಸಾಕು, ನಕ್ಷತ್ರ ಬರುತ್ತದೆ ಎನ್ನುತ್ತಾರೆ.

ಸಾಲದು. ಈ ಕೆಲಸದಲ್ಲಿ ಹೊಲಿಯುವವಳಿಗೆ ಕಾಣುವುದು ಕಾಗದ ಮಾತ್ರ, ಬಟ್ಟೆ ಅದರ ಅಡಿಯಲ್ಲಿರುತ್ತದೆ. ಮುದ್ರಿಸಿದ ಚಿತ್ರ ಒಂದು, ಹೊಲಿದು ಬರುವುದು ಕನ್ನಡಿಯಲ್ಲಿ ಕಂಡಂತೆ ಅದರ ತಿರುವುಮುರುವು. ಹಕ್ಕಿಯ ಕೊಕ್ಕು ಎಡಕ್ಕಿರಬೇಕೋ ಬಲಕ್ಕೋ ಎಂದು ಹೊಲಿಯುವ ಮೊದಲೇ ತಲೆಯಲ್ಲಿ ಉಲ್ಟಾ ಮಾಡಿಕೊಳ್ಳಬೇಕು. ಎಲ್ಲಕ್ಕಿಂತ ಮೋಸದ್ದು ಚೂಪು ತ್ರಿಕೋನ. ಹೊಲಿಯುವಾಗ ತುಂಡು ಬೇಕಾದಷ್ಟು ಅಗಲವಿದೆ ಅನ್ನಿಸುತ್ತದೆ. ಬಿಡಿಸಿದಾಗ ಒಂದು ಮೂಲೆಯಲ್ಲಿ ಬೆರಳ ಉಗುರಿನಷ್ಟು ಕಾಗದ ಬತ್ತಲೆಯಾಗಿ ಕಾಣುತ್ತದೆ. ಅಷ್ಟಕ್ಕೇ ಇಡೀ ಸಾಲು ಬಿಚ್ಚಬೇಕು. ಬಿಚ್ಚುವುದೂ ಸುಲಭವಲ್ಲ, ಏಕೆಂದರೆ ಮುಂದೆ ಕಾಗದ ಸುಲಭವಾಗಿ ಹರಿಯಲೆಂದು ಹೊಲಿಗೆಯನ್ನು ಬೇಕೆಂದೇ ಸಣ್ಣದಾಗಿಟ್ಟಿರುತ್ತೇವೆ. ಸಾಮಾನ್ಯ ಹೊಲಿಗೆ 2.5 ಮಿಲಿಮೀಟರ್ ಆದರೆ ಇಲ್ಲಿ 1.5. ಒಂದು ಇಂಚಿಗೆ ಹದಿನೇಳು ಹೊಲಿಗೆ. ಮೊದಲ ಸಲ ಬಿಚ್ಚುವಾಗ ಸಿಟ್ಟು ಬರುತ್ತದೆ. ಮೂರನೆಯ ಸಲಕ್ಕೆ ಗೆರೆಯ ಗುಂಟ ತೂತಾದ ಕಾಗದವೇ ಎರಡು ಹೋಳಾಗಿ ಕೈಗೆ ಬರುತ್ತದೆ.

ಕೌದಿಯಲ್ಲಿ ಇಂಥ ಪರೀಕ್ಷೆ ಇಲ್ಲ. ಹಳೆಯ ಸೀರೆಯ ಪದರ ಹಾಸಿ, ಮೇಲೆ ತುಂಡುಗಳನ್ನಿಟ್ಟು, ಇದ್ದ ಬಟ್ಟೆಗೆ ತಕ್ಕಂತೆ ವಿನ್ಯಾಸ ಬೆಳೆಯುತ್ತದೆ. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕೌದಿಯಂತೂ ಅಂಚಿನಿಂದ ಹೊರಟು ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತದೆ. ಕೊನೆಗೆ ಮೂಲೆಗಳಿಗೆ ಫುಲಾ ಎಂಬ ಮಡಿಕೆಯ ಹೂಗಳನ್ನು ಇಡದಿದ್ದರೆ ಅದು ಪೂರ್ತಿಯಾದಂತಲ್ಲ. ಮೊನೆ ಮೊನೆಗೆ ಕೂಡಲಿಲ್ಲವೆಂದು ಅಲ್ಲಿ ಯಾರೂ ಬಿಚ್ಚುವುದಿಲ್ಲ. “ಅರಿವಿ ಹೇಳಿದಂಗ ಸೂಜಿ ಹೋಗ್ಬೇಕು” ಎನ್ನುವುದು ಆಯಿಯ ಮಾತು. ಪೇಪರ್ ಪೀಸಿಂಗಿನಲ್ಲಿ ಅರಿವಿಗೆ ಮಾತೇ ಇಲ್ಲ. ಎಲ್ಲವನ್ನೂ ಕಾಗದ ಹೇಳುತ್ತದೆ.

ಹಾಗೆಂದು ಕೌದಿ ದೊಡ್ಡದು, ಇದು ಬರೀ ಅಮೆರಿಕದ ಮರುಳು ಎಂದು ನಾನು ಹೇಳಲಾರೆ. ಕೆಲವು ಆಕಾರಗಳಲ್ಲಿ ಬಟ್ಟೆಯ ಮಾತು ಕೇಳಿದರೆ ಕೆಟ್ಟೆವು. ಮ್ಯಾರಿನರ್ಸ್ ಕಂಪಾಸ್ ಎಂಬ ಹಳೆಯ ವಿನ್ಯಾಸವಿದೆ. ಹಡಗಿನವರ ದಿಕ್ಸೂಚಿಯಂತೆ ನಡುವಿನಿಂದ ಹೊರಡುವ ಹದಿನಾರೋ ಮೂವತ್ತೆರಡೋ ಮೊನೆಗಳು, ಒಂದೊಂದೂ ಸೂಜಿಯಷ್ಟು ಚೂಪು. ಅಂಥ ತುಂಡು ಕತ್ತರಿಸಿದರೆ ಒಂದಲ್ಲ ಒಂದು ಅಂಚು ನಮ್ಮ ಟೇಲರುಗಳು ಹೇಳುವ ‘ಕ್ರಾಸ್’ ಆಗಿಯೇ ಬರುತ್ತದೆ. ಕ್ರಾಸ್ ಬಟ್ಟೆ ಮುಟ್ಟಿದರೆ ಹಿಗ್ಗುತ್ತದೆ, ಇಸ್ತ್ರಿ ತಾಗಿದರೆ ಡೊಂಕಾಗುತ್ತದೆ. ಒಂದು ಮೊನೆಯಲ್ಲಿ ನೂಲೆಳೆಯಷ್ಟು ತಪ್ಪಿದರೂ ಮೂವತ್ತೆರಡು ಮೊನೆ ಕೂಡುವಷ್ಟರಲ್ಲಿ ನಡುವೆ ಗುಬ್ಬಿ ಏಳುತ್ತದೆ. ಕಾಗದ ಹಿಗ್ಗುವುದಿಲ್ಲ. ಹೊಲಿಗೆ ಮುಗಿಯುವವರೆಗೆ ಬಟ್ಟೆಯನ್ನು ಅಲುಗದಂತೆ ಹಿಡಿದಿಡುವ ಎಲುಬು ಅದು. ಆಯಿಯ ಪ್ರಶ್ನೆಗೆ ಉತ್ತರ ಇಲ್ಲೇ ಇದೆ: ಸೇತುವೆಯ ಕಮಾನು ಕಟ್ಟುವಾಗ ಕೆಳಗೆ ಮರದ ಚೌಕಟ್ಟು ಕೊಡುವುದೂ ಆಮೇಲೆ ಕೀಳುವುದಕ್ಕೇ. ಆ ಮೊನೆಗಳು ಕೂದಲೆಳೆ ತಪ್ಪದೆ ಕೂಡಿದ ಕ್ಷಣದ ಸುಖ ಕೌದಿಯಲ್ಲಿ ನನಗೆ ಸಿಕ್ಕಿದ್ದಲ್ಲ. ನನ್ನ ಕೈಗೆ ಮೀರಿದ್ದನ್ನು ನನ್ನ ಕೈಯೇ ಮಾಡಿದಂಥ ಸುಖ ಅದು.

ಅಡಿಗೆ ಆಧಾರ ಕೊಟ್ಟು ಹೊಲಿಯುವುದು ಹೊಸದಲ್ಲ. ಹತ್ತೊಂಬತ್ತನೆಯ ಶತಮಾನದ ಲಾಗ್ ಕ್ಯಾಬಿನ್ ಮತ್ತು ಕ್ರೇಜಿ ಕ್ವಿಲ್ಟುಗಳನ್ನು ಬಟ್ಟೆಯ ಅಡಿಪಾಯದ ಮೇಲೆ ಹೊಲಿಯುತ್ತಿದ್ದರು. ಅದು ಒಳಗೇ ಉಳಿಯುತ್ತಿತ್ತು, ಕೀಳುವ ಗೋಜಿಲ್ಲ. ಕಾಗದದ ಮೇಲೆ ಮಷೀನು ಓಡಿಸುವುದನ್ನು ಮನೆಮಾತು ಮಾಡಿದವರಲ್ಲಿ ಅಮೆರಿಕದ ಕ್ಯಾರಲ್ ಡೋಕ್ ಹೆಸರು ಮುಂಚೂಣಿಯಲ್ಲಿದೆ. ಅವರ ಪುಸ್ತಕಗಳ ನಕ್ಷತ್ರಗಳನ್ನು ಹೊಲಿದು ಪಳಗಿದವರು ಬಹಳ. ಆ ಸುಲಭವೇ ಈಗ ಚಟವಾಗಿದೆ. ನಾಯಿ, ಕೆಟಲು, ಕನ್ನಡಕ, ಕಂಡದ್ದೆಲ್ಲ ಕಾಗದದ ಮೇಲೆ. ನೇರ ಪಟ್ಟಿಗಳನ್ನು ಕೂಡಿಸುವ ಚೌಕಕ್ಕೂ ಕಾಗದ ಹಚ್ಚುವವರಿದ್ದಾರೆ. ಇದು ಅನ್ನಕ್ಕೆ ನೀರು ಅಳೆಯಲು ಚಿನಿವಾರನ ತಕ್ಕಡಿ ತಂದಂತೆ. ಬಟ್ಟೆ ಹಾಳಾಗುವುದನ್ನಂತೂ ಕೇಳಬೇಡಿ. ಮೂಲೆ ಬತ್ತಲಾಗಬಾರದೆಂದು ಪ್ರತಿ ತುಂಡನ್ನೂ ಬೇಕಾದ್ದಕ್ಕಿಂತ ದೊಡ್ಡದಾಗಿ ಕತ್ತರಿಸುತ್ತೇವೆ, ಆಮೇಲೆ ಮಿಕ್ಕಿದ್ದು ಕಸದ ಬುಟ್ಟಿಗೆ. ಚಿಂದಿಯನ್ನು ಉಳಿಸಲೆಂದು ಹುಟ್ಟಿದ ಕಸುಬು ಹೀಗೆ ಚಿಂದಿಯನ್ನು ಹುಟ್ಟಿಸುವುದು ನನಗೆ ಕೊನೆಗೂ ಒಪ್ಪಿಗೆಯಾಗಿಲ್ಲ.

ಕೈಹೊಲಿಗೆಯ ಇಂಗ್ಲಿಷ್ ಪದ್ಧತಿಯ ಮರ್ಜಿಯೇ ಬೇರೆ. ದಪ್ಪ ಕಾಗದವನ್ನು ಷಟ್ಕೋನವಾಗಿ ಕತ್ತರಿಸಿ, ಅದರ ಮೇಲೆ ಬಟ್ಟೆ ಮಡಚಿ ಕಚ್ಚಾ ಹೊಲಿಗೆ ಹಾಕಿ, ಅಂಥ ಎರಡರ ಅಂಚುಗಳನ್ನು ಹಿಂಬದಿಯಿಂದ ಸಣ್ಣ ಸುತ್ತು ಹೊಲಿಗೆಯಲ್ಲಿ ಕೂಡಿಸುವುದು. ಸೂಜಿ ಕಾಗದವನ್ನು ಚುಚ್ಚಬಾರದು, ಬಟ್ಟೆಯ ಎರಡೆಳೆ ಹಿಡಿದರೆ ಸಾಕು. ಸುತ್ತ ಆರೂ ಬದಿ ಕೂಡಿದ ಮೇಲೆ ಕಚ್ಚಾ ದಾರ ತೆಗೆದರೆ ಕಾಗದ ಇಡಿಯಾಗಿ ಹೊರಬರುತ್ತದೆ, ಮತ್ತೊಂದು ತುಂಡಿಗೆ ಆಗುತ್ತದೆ. ಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲೂ ಹೊಲಿಯಬಹುದು. ಬಲು ನಿಧಾನ. ಒಂದು ಹಾಸಿಗೆಗೆ ಸಾವಿರಾರು ಷಟ್ಕೋನ ಬೇಕು, ವರ್ಷಗಳು ಹೋಗುತ್ತವೆ. ಗ್ರೀನ್ ನೋ ಮನೆಯ ಮಕ್ಕಳ ಕಥೆಗಳನ್ನು ಬರೆದ ಲೂಸಿ ಬೋಸ್ಟನ್ ತಮ್ಮ ಹೆಮಿಂಗ್‌ಫರ್ಡ್ ಗ್ರೇ ಮನೆಯಲ್ಲಿ ಕೂತು ಹೀಗೆ ಒಂದರ ಹಿಂದೊಂದು ಹೊದಿಕೆ ಹೊಲಿದವರು. ಎಳೆದ ಷಟ್ಕೋನಗಳ ಅವರ ‘ಪ್ಯಾಚ್‌ವರ್ಕ್ ಆಫ್ ದ ಕ್ರಾಸಸ್’ ವಿನ್ಯಾಸವನ್ನು ಇಂದಿಗೂ ಜನ ಹೊಲಿಯುತ್ತಾರೆ. ಬಟ್ಟೆಯ ಹೂವನ್ನು ಎಲ್ಲಿ ಕತ್ತರಿಸಿದರೆ ನಾಲ್ಕು ತುಂಡು ಕೂಡಿ ಹೊಸ ಹೂವಾದೀತು ಎಂದು ಅವರು ನೋಡಿದ ರೀತಿಯನ್ನು ಗಮನಿಸಿ. ಅಲ್ಲಿ ಕಾಗದ ಆಳುವುದಿಲ್ಲ, ಊಳಿಗ ಮಾಡುತ್ತದೆ.

ಈ ಪದ್ಧತಿಯಲ್ಲಿ ಕಾಗದ ಕೀಳದೆ ಬಿಟ್ಟ ಹಳೆಯ ಹೊದಿಕೆಗಳೂ ಉಂಟು. ಅವುಗಳೊಳಗೆ ಹಳೆಯ ಪತ್ರ, ಲೆಕ್ಕದ ಪುಸ್ತಕದ ಹಾಳೆ, ಪತ್ರಿಕೆಯ ತುಂಡು ಸಿಗುತ್ತವೆ. ಹೊದಿಕೆಯ ಕಾಲ ನಿರ್ಣಯಿಸುವವರಿಗೆ ಅವೇ ಸಾಕ್ಷಿ. ಬ್ರಿಟನ್ನಿನ ಕ್ವಿಲ್ಟರ್ಸ್ ಗಿಲ್ಡ್ ಸಂಗ್ರಹದಲ್ಲಿ ರೇಷ್ಮೆ ತುಂಡುಗಳ ಒಂದು ಹೊದಿಕೆಯಿದೆ. ಮೇಲೆ ಎರಡು ಇನಿಷಿಯಲ್ಲು, 1718 ಎಂಬ ಇಸವಿ. ಅದರ ಕಾಗದಗಳು ಮೂರು ಶತಮಾನ ದಾಟಿ ಇನ್ನೂ ಒಳಗಿವೆ. ಆಯಿಗೆ ಇದನ್ನು ಹೇಳಿದ್ದರೆ ಅವಳ ಪ್ರಶ್ನೆಯೇ ಗೆದ್ದಿತೆಂದು ನಗುತ್ತಿದ್ದಳೇನೋ.

ಹೊಸದಾಗಿ ಕೈ ಹಾಕುವವರಿಗೆ ನನ್ನ ಮಾತಿಷ್ಟು. ಮೊನೆಯಿರುವಲ್ಲಿ ಮಾತ್ರ ಮಷೀನಿನ ಕಾಗದ ಹಚ್ಚಿ, ಇಡೀ ಹಾಸಿಗೆಗಲ್ಲ, ನಡುವಿನ ಒಂದು ನಕ್ಷತ್ರಕ್ಕೆ. ಮುದ್ರಿಸಿದ ಮೇಲೆ ಅಳತೆಪಟ್ಟಿಯಿಟ್ಟು ನೋಡಿ. ಪ್ರಿಂಟರು ವಿನ್ಯಾಸವನ್ನು ತನ್ನಿಷ್ಟಕ್ಕೆ ಕುಗ್ಗಿಸಿರುತ್ತದೆ. ಇಸ್ತ್ರಿಗೆ ಹಬೆ ಬೇಡ, ಕಾಗದ ಸುರುಟುತ್ತದೆ. ಕೀಳುವ ಕೆಲಸಕ್ಕೆ ಮನೆಯಲ್ಲಿ ಹತ್ತು ವರ್ಷದೊಳಗಿನವರು ಯಾರಾದರೂ ಇದ್ದರೆ ಕರೆಯಿರಿ. ಆಯಿ ನೋಡಿದ ಆ ನಕ್ಷತ್ರದ ಬೆನ್ನಿನ ಕಾಗದವನ್ನೆಲ್ಲ ಕೊನೆಗೆ ಕಿತ್ತದ್ದು ನನ್ನ ಅಕ್ಕನ ಮಗಳು. ಒಂದು ಹೊಲಿಗೆಯೂ ಸಡಿಲವಾಗಲಿಲ್ಲ.