ಸ್ವಭಾವೋಕ್ತಿಯೂ ನಿತ್ಯದ ಛಾಯಾಚಿತ್ರವೂ

ಹಕ್ಕಿ, ಹಾದಿ, ರೈಲು, ಮಳೆ, ಮರ ಇವುಗಳ ಛಾಯಾಚಿತ್ರಗಳನ್ನು ತೆಗೆದು ಪರಸ್ಪರ ಹಂಚಿಕೊಳ್ಳುವುದು ಈಗ ಉಭಯಕುಶಲೋಪರಿಯಷ್ಟೇ ಸಾಮಾನ್ಯವಾದ ನಡೆವಳಿಕೆಯಾಗಿದೆ. ಮೊಬೈಲು ಹಿಡಿದವರೆಲ್ಲರೂ ಚಿತ್ರಕಾರರೇ. ಇವುಗಳಲ್ಲಿ ಬಹುಭಾಗವು ನೋಡಿದೊಡನೆ ಮರೆತುಹೋಗತಕ್ಕದ್ದೆಂಬುದು ನಿಜ. ಆದರೆ ಈ ಒಂದು ಕಾರಣದಿಂದಲೇ ಇಡೀ ವರ್ಗವನ್ನು ವಿಮರ್ಶೆಯ ಹೊಸ್ತಿಲೊಳಗೆ ಬಿಡಕೂಡದೆನ್ನುವ ವಿದ್ವಾಂಸರು, ತಾವು ಅರಿಯದೆಯೇ, ಸಾವಿರ ವರ್ಷಗಳಿಗೂ ಹಿಂದಿನ ಒಂದು ವ್ಯಾಜ್ಯದಲ್ಲಿ ಒಂದು ಪಕ್ಷವನ್ನು ಹಿಡಿದಿರುತ್ತಾರೆ. ಇನ್ನೊಂದು ಪಕ್ಷದ ವಾದವನ್ನೂ ಕೇಳುವುದು ನ್ಯಾಯ.

ವಕ್ರತೆಯಿಲ್ಲದ ಮಾತು ಕಾವ್ಯವಾಗದೆಂಬುದು ಭಾಮಹನ ಮತ. ಇದಕ್ಕಾಗಿ ಆತನು ಎತ್ತಿಕೊಂಡ ನಿದರ್ಶನದಲ್ಲಿರುವುವು ಮೂರೇ ಸಂಗತಿಗಳು: ಸೂರ್ಯಾಸ್ತ, ಚಂದ್ರನ ಬೆಳಕು, ಗೂಡಿಗೆ ಮರಳುವ ಹಕ್ಕಿಗಳು. ಇವನ್ನು ಬರಿದೆ ಹೇಳಿದರೆ ಅದು ಕಾವ್ಯವಲ್ಲ, ವಾರ್ತೆ ಮಾತ್ರ ಎಂದು ಆತನು ತಳ್ಳಿಹಾಕುತ್ತಾನೆ. ಇಂದು ಕೈಯಿಂದ ಕೈಗೆ ಸಾಗುವ ಸಂಜೆಯ ಚಿತ್ರಗಳನ್ನು ಭಾಮಹನು ಮುಂದಾಗಿಯೇ ಕಂಡಿದ್ದನೋ ಎಂಬಂತಿದೆ! ದಂಡಿಯಾದರೋ ಅದೇ ವಾಕ್ಯವನ್ನು ಹೇತ್ವಲಂಕಾರದ ಪ್ರಕರಣದಲ್ಲಿ ಎತ್ತಿಕೊಂಡು, ಕಾಲದ ಅವಸ್ಥೆಯನ್ನು ತಿಳಿಸುವೆಡೆಯಲ್ಲಿ ಇದೂ ಒಳ್ಳೆಯದೇ ಎಂದು ತೀರ್ಮಾನಿಸಿದ್ದಾನೆ. (ಇಬ್ಬರಲ್ಲಿ ಯಾರು ಮೊದಲಿನವರೆಂಬ ಹಳೆಯ ಚರ್ಚೆ ಇಲ್ಲಿ ಬೇಕಿಲ್ಲ.) ದಂಡಿಯ ಈ ಷರತ್ತು, ಎಂದರೆ ಕಾಲವನ್ನು ತಿಳಿಸುವುದೆಂಬ ಪ್ರಯೋಜನ, ನಿತ್ಯದ ಛಾಯಾಚಿತ್ರಕ್ಕೆ ಒರೆಗಲ್ಲಾಗಬಲ್ಲುದು.

ಸ್ವಭಾವೋಕ್ತಿಯನ್ನು ಅಲಂಕಾರಗಳಲ್ಲಿ ಮೊದಲನೆಯದಾಗಿ ಗಣಿಸಿದವನೂ ದಂಡಿಯೇ. ಆತನ ಜಾಡನ್ನು ಹಿಡಿದ ಕವಿರಾಜಮಾರ್ಗದ ಮೂಲಕ ಈ ಅಲಂಕಾರವಿಚಾರ ಕನ್ನಡಕ್ಕೂ ಬಂದಿತು. ಜಾತಿ, ಕ್ರಿಯೆ, ಗುಣ, ದ್ರವ್ಯ ಎಂಬ ನಾಲ್ಕು ಬಗೆಯ ಸ್ವಭಾವೋಕ್ತಿಯನ್ನು ಉದಾಹರಿಸುವಾಗ ಮೊದಲೆರಡಕ್ಕೂ ದಂಡಿಯು ಹಕ್ಕಿಗಳನ್ನೇ ಆರಿಸಿಕೊಂಡಿರುವುದು ಗಮನಾರ್ಹವಾಗಿದೆ. ಜಾತಿಗೆ ಗಿಳಿಗಳು: ಬಾಗಿದ ಕೆಂಪು ಕೊಕ್ಕು, ಹಸುರು ರೆಕ್ಕೆ, ಕೊರಳ ಬಣ್ಣದ ಪಟ್ಟೆ. ಕ್ರಿಯೆಗೆ ಪಾರಿವಾಳ: ಕೊರಳೊಳಗೇ ದನಿಗೈಯುತ್ತ ಸಂಗಾತಿಯ ಸುತ್ತ ತಿರುಗುವ ಗಂಡು. ಮೊದಲನೆಯದು ಗಿಳಿಗಳೆಲ್ಲಕ್ಕೂ ಸಲ್ಲುವ ಲಕ್ಷಣ. ಎರಡನೆಯದು ಒಂದು ಪಾರಿವಾಳ ಒಂದು ಗಳಿಗೆಯಲ್ಲಿ ನಡೆಸಿದ ವ್ಯಾಪಾರ.

ಪಕ್ಷಿಶಾಸ್ತ್ರದ ಕೈಪಿಡಿಗಳಲ್ಲಿಯೂ ಇದೇ ಭೇದ ಕಂಡುಬರುತ್ತದೆ. 1934ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ರೋಜರ್ ಟೋರಿ ಪೀಟರ್‌ಸನ್ನನ ಕೈಪಿಡಿಯಾಗಲಿ, 1941ರಲ್ಲಿ ಹೊರಬಂದ ಸಲೀಂ ಅಲಿಯವರ ‘ದಿ ಬುಕ್ ಆಫ್ ಇಂಡಿಯನ್ ಬರ್ಡ್ಸ್’ ಆಗಲಿ ಗುರುತಿಸುವಿಕೆಗೆ ನೆಚ್ಚಿದ್ದು ಕೈಯಿಂದ ಬರೆದ ಚಿತ್ರಗಳನ್ನು. ಕುಂಚವು ಹಲವು ಗಿಳಿಗಳನ್ನು ಒಂದು ಗಿಳಿಯಾಗಿ ಮಾಡಬಲ್ಲುದು. ಛಾಯಾಚಿತ್ರಕ್ಕೆ ಅದು ಸಾಧ್ಯವಿಲ್ಲ. ಅದರ ಮುಂದೆ ಇರುವುದು ಯಾವಾಗಲೂ ಈ ಹಕ್ಕಿ, ಈ ಕೊಂಬೆ, ಈ ಬಿಸಿಲು. ಹನ್ನೊಂದನೆಯ ಶತಮಾನದ ಮಹಿಮಭಟ್ಟನು ವಸ್ತುವಿಗೆ ಸಾಮಾನ್ಯ, ವಿಶೇಷ ಎಂಬ ಎರಡು ರೂಪಗಳುಂಟೆಂದೂ, ಸಾಧಾರಣವಾದ ಮಾತಿಗೆ ಎಟಕುವುದು ಸಾಮಾನ್ಯರೂಪವೆಂದೂ, ಪ್ರತ್ಯಕ್ಷಕ್ಕೆ ಗೋಚರವಾಗುವ ವಿಶೇಷರೂಪವನ್ನು ಪ್ರತಿಭೆಯುಳ್ಳ ಕವಿಯ ನುಡಿ ಮಾತ್ರ ಮುಟ್ಟುವುದೆಂದೂ ವಾದಿಸಿ ಸ್ವಭಾವೋಕ್ತಿಯನ್ನು ಎತ್ತಿಹಿಡಿದನು. ಕವಿಯು ಶ್ರಮದಿಂದ ತಲಪಬೇಕಾದ ಆ ಎಡೆಯಲ್ಲಿಯೇ ಛಾಯಾಚಿತ್ರ ಹುಟ್ಟುತ್ತದೆ. ಅದರ ಸುಯೋಗವೂ ಅದೇ, ಅಪಾಯವೂ ಅದೇ. ಶ್ರಮವಿಲ್ಲದೆ ಸಿಕ್ಕಿದ ವಿಶೇಷವನ್ನು ತೆಗೆದವನೇ ಗುರುತಿಸದೆ ಹೋಗಬಹುದು.

ಗುರುತಿಸದಿರುವುದಷ್ಟೇ ಅಲ್ಲ, ಬೇಕೆಂದೇ ಒರೆಸಿಹಾಕುವುದೂ ಉಂಟು. ಕರ್ಣಾಟಕದ ರಾಜ್ಯಪಕ್ಷಿಯಾದ ನೀಲಕಂಠವನ್ನು ರೈಲಿನ ಕಿಟಕಿಯಿಂದ ನೋಡಿದವರಿಗೆಲ್ಲ ಅದು ಕಾಣುವುದು ತಂತಿಯ ಮೇಲೆ. ಬಯಲಿನ ಹುಳಗಳ ಮೇಲೆ ಕಣ್ಣಿಟ್ಟು ಕೂರಲು ಅದಕ್ಕೆ ಎತ್ತರವಾದ ಬೋಳು ಆಸರೆ ಬೇಕು. ತಂತಿ ಅದನ್ನು ಒದಗಿಸುತ್ತದೆ. ಆದರೆ ಸ್ಪರ್ಧಾಪ್ರದರ್ಶನಗಳ ಪ್ರಕೃತಿವಿಭಾಗದಲ್ಲಿ ಈ ಚಿತ್ರಕ್ಕೆ ಸ್ಥಾನ ದೊರೆಯುವುದು ಕಷ್ಟ. ಅಂತರರಾಷ್ಟ್ರೀಯ ಛಾಯಾಗ್ರಹಣ ಸಂಸ್ಥೆಗಳು 2014ರಲ್ಲಿ ಕೂಡಿ ಒಪ್ಪಿಕೊಂಡ ಲಕ್ಷಣದಂತೆ ಅಲ್ಲಿ ಮನುಷ್ಯನ ಕೈವಾಡ ಕಾಣಕೂಡದು. ಮನುಷ್ಯನು ಮಾರ್ಪಡಿಸಿದ ನೆಲೆಗೆ ಒಗ್ಗಿಕೊಂಡ ಕಣಜಗೂಬೆ, ಕೊಕ್ಕರೆ ಮುಂತಾದವುಗಳಿಗೆ ವಿನಾಯಿತಿಯುಂಟು. ಚಿತ್ರದೊಳಗಿನ ಯಾವುದನ್ನೂ ಅಳಿಸಬಾರದು, ಸೇರಿಸಬಾರದು ಎಂದೂ ಅದೇ ಲಕ್ಷಣ ವಿಧಿಸುತ್ತದೆ. ಆ ಮಟ್ಟಿಗೆ ಅದು ಶ್ಲಾಘ್ಯವೇ. ಆದರೆ ತೆಗೆದ ಮೇಲೆ ಅಳಿಸಬಾರದೆಂದು ಹೇಳಿ, ತೆಗೆಯುವ ಮೊದಲೇ ತಂತಿಯನ್ನು ಬಿಟ್ಟು ಕೊಂಬೆಯನ್ನು ಹುಡುಕುವಂತೆ ಮಾಡುವುದರಿಂದ ಒಂದು ಹೊಸ ಕವಿಸಮಯ ನೆಲೆಗೊಳ್ಳುತ್ತದೆ. ಬೆಳುದಿಂಗಳನ್ನು ಕುಡಿಯುವ ಚಕೋರ, ಇರುಳಲ್ಲಿ ಅಗಲುವ ಚಕ್ರವಾಕ, ಹಾಲನ್ನೂ ನೀರನ್ನೂ ಬೇರ್ಪಡಿಸುವ ಹಂಸ ಇವುಗಳ ಸಾಲಿಗೆ, ಮಸುಕಾದ ಹಸುರು ಹಿನ್ನೆಲೆಯ ಮುಂದೆ ಒಂಟಿ ಕಡ್ಡಿಯ ಮೇಲೆ ಕುಳಿತ ಹಕ್ಕಿಯೂ ಸೇರಿದಂತಾಯಿತು. ಇಂತಹ ಚಿತ್ರ ಮನೋಹರವಾಗಿರುತ್ತದೆ. ಎಲ್ಲಿಯದು, ಯಾವಾಗಿನದು ಎಂದು ಕೇಳಿದರೆ ಉತ್ತರವಿಲ್ಲ. ನೋಟಕ್ಕೆ ವಿಶೇಷವಾದರೂ ಅರ್ಥದಲ್ಲಿ ಅದು ಸಾಮಾನ್ಯವೇ.

ರೈಲಿನ ಚಿತ್ರಗಳನ್ನು ಇದರೊಡನೆ ಹೋಲಿಸಬಹುದು. ಹಾಸನ–ಮಂಗಳೂರು ಮಾರ್ಗವು 1979ರಲ್ಲಿ ಮೀಟರ್ ಗೇಜಿನಲ್ಲಿ ಪೂರ್ಣಗೊಂಡಿತು. ಬ್ರಾಡ್ ಗೇಜಿಗೆ ಮಾರ್ಪಡಿಸುವುದಕ್ಕಾಗಿ 1996ರಲ್ಲಿ ಸಂಚಾರ ನಿಂತು, ಪ್ರಯಾಣಿಕರ ಗಾಡಿಗಳು 2007ರ ಡಿಸೆಂಬರಿನಲ್ಲಿ ಮತ್ತೆ ಓಡತೊಡಗಿದವು. ಹಳಿಗಳ ನಡುವಣ ಅಂತರ ಒಂದರಲ್ಲಿ 1,000 ಮಿಲಿಮೀಟರು, ಇನ್ನೊಂದರಲ್ಲಿ 1,676. ಆದುದರಿಂದ ಸಕಲೇಶಪುರದ ಕೆಳಗಣ ಘಟ್ಟದಲ್ಲಿ ಯಾರೋ ಪ್ರಯಾಣಿಕರು ಜಲಪಾತಕ್ಕಾಗಿಯೋ ಕಿಟಕಿಯಲ್ಲಿದ್ದ ಮಗುವಿಗಾಗಿಯೋ ತೆಗೆದ ಚಿತ್ರದ ಮೂಲೆಯಲ್ಲಿ ಕಿರಿದಾದ ಹಳಿ ಕಂಡರೆ, ಆ ಚಿತ್ರ 1996ಕ್ಕೆ ಹಿಂದಿನದೆಂದು ಹೇಳಬಹುದು. ತೇದಿಯಿಲ್ಲದ ಶಾಸನದ ಕಾಲವನ್ನು ಅಕ್ಷರದ ತಿರುವಿನಿಂದ ನಿರ್ಣಯಿಸುವ ವಿದ್ವಾಂಸರಿಗೆ ಈ ಬಗೆಯ ಅಂತಸ್ಸಾಕ್ಷ್ಯ ಹೊಸದಲ್ಲ. ತೆಗೆದವನು ಹಳಿಯನ್ನು ಉದ್ದೇಶಿಸಿರಲಿಲ್ಲವೆಂಬುದರಿಂದಲೇ ಅದರ ಸಾಕ್ಷ್ಯಕ್ಕೆ ಬಲ ಹೆಚ್ಚು.

ಇದಕ್ಕೆ ಎದುರಾಗಿ ಅಮೆರಿಕದ ಓ. ವಿನ್ಸ್‌ಟನ್ ಲಿಂಕನನ್ನು ನಿಲ್ಲಿಸಬಹುದು. 1955ರಿಂದ 1960ರವರೆಗೆ ನಾರ್ಫೋಕ್ ಅಂಡ್ ವೆಸ್ಟರ್ನ್ ರೈಲ್ವೆಯ ಕೊನೆಯ ಉಗಿಬಂಡಿಗಳನ್ನು ರಾತ್ರಿಯಲ್ಲಿ ಮಿಂಚುದೀಪಗಳ ಸಾಲನ್ನು ಹೂಡಿ ಆತನು ಚಿತ್ರಿಸಿದನು. 1956ರ ಪ್ರಸಿದ್ಧ ಚಿತ್ರದಲ್ಲಿ ಬಯಲು ಸಿನಿಮಾದ ಪರದೆಯ ಮೇಲೆ ಕಾಣುವ ವಿಮಾನವು ಆಮೇಲೆ ಜೋಡಿಸಿದ್ದು. ಇಲ್ಲಿ ಎಲ್ಲವೂ ಸಂಯೋಜಿತ. ಭಾಮಹನು ಮೆಚ್ಚಬಹುದಾದ ವಕ್ರತೆ. ಲಿಂಕನ ಪ್ರತಿಭೆ ದೊಡ್ಡದು. ಆದರೆ ಅದೇ ಅಳತೆಗೋಲಿನಿಂದ ಪ್ರಯಾಣಿಕರ ಚಿತ್ರವನ್ನು ಅಳೆಯುವುದು ವಚನವನ್ನು ಚಂಪುವಿನ ಲಕ್ಷಣದಿಂದ ಅಳೆದಂತೆ.

ಆಕ್ಷೇಪಗಳಲ್ಲಿ ಗಟ್ಟಿಯಾದುದು ಕುಂತಕನದು. ವಸ್ತುವಿನ ಸ್ವಭಾವವೇ ಅಲಂಕಾರವಾದರೆ ಅಲಂಕರಿಸಬೇಕಾದುದು ಯಾವುದು ಉಳಿಯಿತು ಎಂಬ ಪ್ರಶ್ನೆಗೆ ನಿತ್ಯದ ಚಿತ್ರವು ತಾನಾಗಿ ಉತ್ತರ ಕೊಡಲಾರದು. ಉತ್ತರ ಕೊಡಬೇಕಾದುದು ಚಿತ್ರದಡಿಯ ಒಕ್ಕಣೆ. ‘ಶುಭೋದಯ’, ‘ಪ್ರಕೃತಿಯ ಸೊಬಗು’ ಎಂದು ಬರೆದು ಕಳುಹಿಸಿದರೆ ಭಾಮಹನ ತೀರ್ಪೇ ಸ್ಥಿರವಾಗುತ್ತದೆ. ‘ಎಡಕುಮೇರಿ ದಾಟಿದ ಮೇಲೆ, ಗಾಡಿ ನಿಂತಿದ್ದಾಗ, ಮಳೆ ಬಿಟ್ಟ ಹೊತ್ತು’ ಎಂದು ತೇದಿಯೊಡನೆ ಬರೆದರೆ ಅದೇ ಚಿತ್ರ ದಂಡಿಯ ಕಡೆಗೆ ಸರಿಯುತ್ತದೆ. ತರಗತಿಯಲ್ಲಿ ಪ್ರಬಂಧರಚನೆಯನ್ನು ಕಲಿಸುವ ಅಧ್ಯಾಪಕರಿಗೆ ಇಂತಹ ಎರಡು ಸಾಲಿನ ಒಕ್ಕಣೆಗಿಂತ ಒಳ್ಳೆಯ ಅಭ್ಯಾಸ ಸಿಕ್ಕುವುದು ಅಪರೂಪ. ವಿಶೇಷಣಗಳನ್ನು ಬಿಟ್ಟು ನಾಮಪದಗಳನ್ನು ಹುಡುಕುವಂತೆ ಅದು ಒತ್ತಾಯಿಸುತ್ತದೆ. ಕನ್ನಡದಲ್ಲಿ ಈ ದಾರಿಯನ್ನು ತುಳಿದವರು ಪೂರ್ಣಚಂದ್ರ ತೇಜಸ್ವಿ. ತಂದೆ ಕುವೆಂಪು ‘ಪಕ್ಷಿಕಾಶಿ’ಯ ಕವಿ, ಮಗನು ಮೂಡಿಗೆರೆಯಲ್ಲಿ ನೆಲಸಿ ಹಕ್ಕಿಗಳನ್ನು ಕ್ಯಾಮರಾದಿಂದಲೂ ಗದ್ಯದಿಂದಲೂ ಹಿಡಿದರು. ‘ಮಾಯೆಯ ಮುಖಗಳು’ ಎಂಬ ಅವರ ಚಿತ್ರಸಂಪುಟವನ್ನು ‘ಮಿಂಚುಳ್ಳಿ’ಯಂತಹ ಬರೆಹದೊಡನೆ ಇಟ್ಟುಕೊಂಡು ಓದಿದರೆ ಎರಡಕ್ಕೂ ಲಾಭವುಂಟು.

ತಂತಿಯ ಮೇಲಣ ನೀಲಕಂಠದ ವಿಷಯದಲ್ಲಿ ಹೇಳಬೇಕಾದ ಇನ್ನೊಂದು ಸಂಗತಿಯಿದೆ. 2023ರಲ್ಲಿ ಪ್ರಕಟವಾದ ಭಾರತದ ಪಕ್ಷಿಗಳ ಸ್ಥಿತಿಗತಿಯ ವರದಿಯು, ಎಲ್ಲೆಲ್ಲಿಯೂ ಕಾಣುವುದೆಂದು ನಂಬಲಾಗಿದ್ದ ಈ ಹಕ್ಕಿಯ ಸಂಖ್ಯೆ ಗಣನೀಯವಾಗಿ ಇಳಿದಿದೆಯೆಂದು ಕಂಡುಕೊಂಡು, ಅದರ ಸ್ಥಿತಿಯನ್ನು ಮತ್ತೆ ಪರಿಶೀಲಿಸಬೇಕೆಂದು ಸೂಚಿಸಿತು. ಆ ವರದಿಗೆ ಆಧಾರವಾದುದು ಸುಮಾರು 30,000 ಮಂದಿ ಪಕ್ಷಿವೀಕ್ಷಕರು ಸ್ಥಳವನ್ನೂ ತೇದಿಯನ್ನೂ ನಮೂದಿಸಿ ಹಂಚಿಕೊಂಡ ಟಿಪ್ಪಣಿಗಳು.