ಚಿಟ್ಟಿ ಇಟ್ಟ ಮುಖವನ್ನು ನೋಡುವ ಬಗೆ

ಯಕ್ಷಗಾನಕ್ಕೆ ಹೊಸಬರಾದವರು ಪದ್ಯ ಅರ್ಥವಾಗುವುದಿಲ್ಲ ಎಂದು ಹಿಂಜರಿಯುತ್ತಾರೆ. ಪದ್ಯ ನಿಧಾನವಾಗಿ ಕಿವಿಗೆ ಹತ್ತುತ್ತದೆ ಬಿಡಿ. ಯಕ್ಷಗಾನದ ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನಲ್ಲಿ ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ, ಬಂದಾಗ ಮೊದಲ ಕೆಲಸ ಕಣ್ಣಿಗೆ. ರಾವಣ, ಕುಂಭಕರ್ಣ, ಮಹಿಷಾಸುರ, ಶೂರ್ಪನಖಿ ಇವರೆಲ್ಲ ಬಾಯಿ ತೆರೆಯುವ ಮೊದಲೇ ತಮ್ಮ ಪ್ರವರವನ್ನು ಮುಖದ ಮೇಲೆ ಬರೆದುಕೊಂಡು ಬಂದಿರುತ್ತಾರೆ.

ಆ ಬರಹ ಹುಟ್ಟುವುದನ್ನು ನೋಡಬೇಕಾದರೆ ವೇಷದ ಪ್ರವೇಶಕ್ಕೆ ಮೂರ್ನಾಲ್ಕು ಗಂಟೆ ಮೊದಲೇ, ಕೇಳಿಕೊಂಡು, ಬಣ್ಣ ಹಚ್ಚುವ ಜಾಗವಾದ ಚೌಕಿಯ ಒಳಗೆ ಹೋಗಿ. ಅಲ್ಲಿ ಗಣಪತಿಯ ಮುಂದೆ ದೀಪ ಉರಿಯುತ್ತಿರುತ್ತದೆ, ಚಪ್ಪಲಿ ಹೊರಗಿರಲಿ. ಕಲಾವಿದ ನೆಲದಲ್ಲಿ ಚಕ್ಕಳಮಕ್ಕಳ ಕೂತು, ಕನ್ನಡಿ ನೋಡುತ್ತ, ತನ್ನ ಮುಖವನ್ನು ತಾನೇ ಬರೆದುಕೊಳ್ಳುತ್ತಾನೆ. ಕೆಂಪಿಗೆ ಇಂಗಳೀಕ, ಹಳದಿಗೆ ಅರದಾಳ, ಕಪ್ಪಿಗೆ ಮಸಿ ಎಂಬುದು ಹಳಬರ ಲೆಕ್ಕ. ಮೂಲ ಬಣ್ಣ ಕೂತ ಮೇಲೆ ಚಿಟ್ಟಿಯ ಸರದಿ. ನೆನೆಸಿದ ಬೆಳ್ತಿಗೆ ಅಕ್ಕಿಯನ್ನು ನುಣ್ಣಗೆ ಅರೆದು ಸುಣ್ಣ ಬೆರೆಸಿದ ಹಿಟ್ಟನ್ನು ಕಡ್ಡಿಯ ತುದಿಯಲ್ಲಿ ತೆಗೆದು ಚುಕ್ಕಿ ಚುಕ್ಕಿಯಾಗಿ ಇಡುತ್ತಾನೆ. ಒಂದು ಒಣಗಿದ ಮೇಲೆ ಅದರ ಮೇಲೆ ಇನ್ನೊಂದು. ಹುಬ್ಬಿನ ಸುತ್ತ, ಕೆನ್ನೆಯ ಅಂಚಿನಲ್ಲಿ ಹಲಸಿನ ಸಿಪ್ಪೆಯಂತೆ ಮುಳ್ಳೇಳುತ್ತದೆ. ಈ ಹೊತ್ತಿನಲ್ಲಿ ಕಲಾವಿದನನ್ನು ಮಾತಿಗೆಳೆಯಬೇಡಿ. ನಕ್ಕರೆ ಸಾಲು ಒಡೆಯುತ್ತದೆ.

ಕಥಕಳಿ ನೋಡಿ ಬಂದವರಿಗೆ ಒಂದು ಕಿವಿಮಾತು: ಇಲ್ಲಿ ರಾಮನ ಮುಖದಲ್ಲಿ ಹಸಿರು ಹುಡುಕಬೇಡಿ. ನಾಯಕರ ಮುಖ ಮೈಬಣ್ಣಕ್ಕೆ ಹತ್ತಿರವಾಗಿಯೇ ಇದ್ದು, ಹಣೆಯ ನಾಮ ಉಳಿದದ್ದನ್ನು ಹೇಳುತ್ತದೆ. ಚರ್ಮವೇ ಕಾಣದಷ್ಟು ಬಣ್ಣ ಹತ್ತುವುದು ರಾಕ್ಷಸರಿಗೆ. ಗಂಡು ಬಣ್ಣದಲ್ಲಿ ಕೆಂಪು ಉರಿಯುತ್ತದೆ. ಹೆಣ್ಣು ಬಣ್ಣದಲ್ಲಿ ಕಪ್ಪು ಮೇಲುಗೈ. ಆದರೆ ಇದನ್ನು ಕೋಷ್ಟಕ ಮಾಡಿಕೊಂಡು ಕೂರಬೇಡಿ. ಒಂದೇ ರಾವಣನನ್ನು ಇಬ್ಬರು ಕಲಾವಿದರು ಒಂದೇ ಥರ ಬರೆಯುವುದಿಲ್ಲ, ಕೈಬರಹ ಬೇರೆ. ಈ ಕೈಬರಹಕ್ಕೆ ಎಷ್ಟು ಮರ್ಯಾದೆಯೆಂದರೆ, ಬಣ್ಣದ ಕುಟ್ಯಪ್ಪು, ಬಣ್ಣದ ಮಾಲಿಂಗ ಇಂಥ ಕಲಾವಿದರ ಹೆಸರಿಗೇ ವೇಷ ಅಂಟಿಕೊಂಡಿತು.

ನನಗೆ ಎಲ್ಲಕ್ಕಿಂತ ಇಷ್ಟ ಚರ್ಮ ಬದಲಾಗುವ ಪ್ರಸಂಗಗಳು. ಪಂಚವಟಿಯನ್ನೇ ತೆಗೆದುಕೊಳ್ಳಿ. ಘೋರ ಶೂರ್ಪನಖಿ ಮುಳ್ಳು ಮುಖ ಹೊತ್ತು ಬೊಬ್ಬೆ ಹೊಡೆಯುತ್ತ ಬರುತ್ತಾಳೆ. ರಾಮನನ್ನು ಕಂಡು ಮೋಹಗೊಂಡದ್ದೇ ತಡ, ಮಾಯಾ ಶೂರ್ಪನಖಿಯಾಗುತ್ತಾಳೆ. ಆಗ ಬರುವುದು ಇನ್ನೊಬ್ಬ ಕಲಾವಿದನ ನಯವಾದ ಸ್ತ್ರೀವೇಷ. ಹೊಸಬರು ಇಲ್ಲಿ ಪಾತ್ರವೇ ಬೇರೆ ಎಂದುಕೊಳ್ಳುವುದುಂಟು. ಅಲ್ಲ, ಅದೇ ಹೆಂಗಸು, ತೊಗಲು ಮಾತ್ರ ಬೇರೆ. ಆ ಚೆಲುವೆಯ ಲಾಲಿತ್ಯದ ನಡುವೆ ಎಲ್ಲಾದರೂ ಹಳೆಯ ಬಿರುಸು ಇಣುಕುತ್ತದೆಯೇ ಎಂದು ನೋಡಿ. ಒಳ್ಳೆಯ ಕಲಾವಿದ ಬಳುಕುವ ಹೆಜ್ಜೆಯ ನಡುವೆ ಒಂದು ಗಟ್ಟಿ ಹೆಜ್ಜೆ ಇಟ್ಟೇ ಇಡುತ್ತಾನೆ. ಪೂತನಿಯದೂ ಇದೇ ಕಥೆ.

ಪ್ರವೇಶವನ್ನಂತೂ ತಪ್ಪಿಸಿಕೊಳ್ಳಬೇಡಿ. ತೆರೆಯ ಹಿಂದೆ ಕುಣಿಯುವ ವೇಷ ತನ್ನನ್ನು ಕಂತುಕಂತಾಗಿ ಕೊಡುತ್ತದೆ: ಮೊದಲು ಕಿರೀಟದ ತುದಿ, ಆಮೇಲೆ ಬೆನ್ನು, ಕೊನೆಗೆ ಮುಖ. ಚೆಂಡೆ ಅಷ್ಟರಲ್ಲಿ ಎದೆಗೂಡಿಗೇ ಬಡಿಯುತ್ತಿರುತ್ತದೆ. ದೇವಿ ಮಹಾತ್ಮೆಯ ಮಹಿಷಾಸುರನದು ಇನ್ನೊಂದು ದಾರಿ. ದೊಂದಿ ಹಿಡಿದವರ ನಡುವೆ, ರಾಳದ ಪುಡಿಯ ಬೆಂಕಿ ಭಗ್ಗೆನ್ನಿಸುತ್ತ, ಪ್ರೇಕ್ಷಕರ ಹಿಂದಿನಿಂದ ಜನರನ್ನು ಸೀಳಿಕೊಂಡೇ ಬರುತ್ತಾನೆ. ದೇವಿ ಮಹಾತ್ಮೆ ಹರಕೆಯ ಆಟವಾಗಿ ನಡೆಯುವ ಪ್ರಸಂಗ. ಕೆಲವರು ಕೈಮುಗಿದರೆ, ಮಕ್ಕಳು ಅಮ್ಮನ ಸೆರಗು ಹಿಡಿಯುತ್ತಾರೆ. ಎರಡೂ ಸರಿಯಾದ ರಸಾಸ್ವಾದವೇ.

ಚಿಟ್ಟಿಯ ಒಂದೊಂದು ಮುಳ್ಳಿಗೂ ಒಂದು ನೆರಳಿದೆ. ದೊಂದಿ ಕುಣಿದಂತೆ ಆ ನೆರಳುಗಳು ಕುಣಿದು, ಒಣಗಿದ ಹಿಟ್ಟು ಹುಬ್ಬು ಗಂಟಿಕ್ಕುತ್ತದೆ, ಕೆನ್ನೆ ಉಬ್ಬಿಸುತ್ತದೆ. ನಾಲ್ಕೂ ಕಡೆಯಿಂದ ಎಲ್‌ಇಡಿ ಸುರಿದ ರಂಗಸ್ಥಳದಲ್ಲಿ ಅದೇ ಮುಖ ಕ್ಯಾಲೆಂಡರಿನ ಚಿತ್ರದಷ್ಟು ಚಪ್ಪಟೆ. ನನ್ನ ತಕರಾರು ಇಡೀ ರಾತ್ರಿಯ ಬದಲು ಕೆಲವೇ ಗಂಟೆಗಳಲ್ಲಿ ಮುಗಿಯುವ ಕಾಲಮಿತಿಯ ಆಟದ ಮೇಲಲ್ಲ, ಈ ಬೆಳಕಿನ ಮೇಲೆ. ಇನ್ನಷ್ಟು ತಿಳಿಯಬೇಕೆನಿಸಿದರೆ ಪುಸ್ತಕವೂ ಇದೆ: ಶಿವರಾಮ ಕಾರಂತರ ‘ಯಕ್ಷಗಾನ ಬಯಲಾಟ’ಕ್ಕೆ 1959ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತ್ತು, ಅದನ್ನು ಓದಿ, ಆದರೆ ಒಂದು ಆಟ ನೋಡಿದ ಮೇಲೆ. ಆಟಕ್ಕೆ ಹೋದಾಗ ಕೂರುವುದು ಮುಂದಿನ ಕುರ್ಚಿಯಲ್ಲಿ ಬೇಡ. ನಡುವಿನ ದಾರಿಯ ಪಕ್ಕ ಜಾಗ ಹಿಡಿಯಿರಿ, ಮಹಿಷ ಸಾಮಾನ್ಯವಾಗಿ ಅಲ್ಲೇ ಹಾಯುವುದು. ಫೋನಿನ ಫ್ಲ್ಯಾಶ್ ಮಾತ್ರ ಆರಿಸಿಡಿ, ದೊಂದಿ ಎಬ್ಬಿಸಿದ ನೆರಳನ್ನೆಲ್ಲ ಅದು ಒಂದೇ ಏಟಿಗೆ ಒರೆಸಿಬಿಡುತ್ತದೆ.